ಅರವತ್ತು ಪ್ರಶ್ನೆ, ಹನ್ನೊಂದು ಪುಸ್ತಕ

2025ರಲ್ಲಿ ಇಪ್ಪತ್ನಾಲ್ಕು ಪುಸ್ತಕ ಓದ್ಬೇಕು ಅಂತ ಜನವರಿಲಿ ಅಂದ್ಕೊಂಡಿದ್ದೆ, ತಿಂಗಳಿಗೆ ಎರಡು ತಾನೆ ಅಂತ. ಆಗಿದ್ದು ಹನ್ನೊಂದು. ಹನ್ನೆರಡೂ ಇರಬಹುದು, ಲೆಕ್ಕ ಬರ್ದಿಟ್ಟಿದ್ದ ನೋಟ್‌ಬುಕ್ ಈಗಿಲ್ಲ.

ನಾನು ಹಾಸನ ಜಿಲ್ಲೆಲಿ ಸರ್ಕಾರಿ ಪ್ರೈಮರಿ ಸ್ಕೂಲ್ ಟೀಚರ್. ಮನೆಯಿಂದ ಸ್ಕೂಲಿಗೆ ಬಸ್ಸಲ್ಲಿ ಮುಕ್ಕಾಲು ಗಂಟೆ, ನಾನು ಓದೋದೆಲ್ಲ ಅಲ್ಲೇ. ಮನೇಲಿ ಪುಸ್ತಕ ಹಿಡಿದ್ರೆ ಕುಕ್ಕರ್ ಕೂಗುತ್ತೆ, ಇಲ್ಲಾಂದ್ರೆ ಅತ್ತೆ ಕೂಗ್ತಾರೆ. ಬಸ್ಸಲ್ಲಿ ಇರೋ ಕಷ್ಟ ಒಂದೇ, ಪಕ್ಕ ಕೂತೋರು ಮೊದಲು ಮುಖಪುಟ ನೋಡ್ತಾರೆ, ಆಮೇಲೆ ನನ್ನ ಮುಖ ನೋಡ್ತಾರೆ, ಆಮೇಲೆ "ಓ, ನೀವು ಆ ಕಡೆಯೋರಾ" ಅನ್ನೋ ಥರ ಒಂದು ನಗು. ಜೂನಲ್ಲಿ ಮಗಳ ಪುಸ್ತಕಕ್ಕೆಲ್ಲ ಬೈಂಡ್ ಹಾಕ್ತಾ ಕೂತಿದ್ದಾಗ ಬ್ರೌನ್ ಶೀಟ್ ಮಿಕ್ತು, ನಾನು ಓದ್ತಿದ್ದ ಪುಸ್ತಕಕ್ಕೂ ಹಾಕ್ದೆ, ಲೇಬಲ್ಲೂ ಅಂಟಿಸಿ ವಿಷಯ ಅನ್ನೋ ಕಡೆ "ಸಮಾಜ" ಅಂತ ಬರ್ದೆ. ಅವತ್ತಿಂದ ಯಾರೂ ಏನೂ ಕೇಳಿಲ್ಲ. ಟೀಚರ್ ಅಲ್ವಾ, ಪಾಠದ ಪುಸ್ತಕ ಇರಬೇಕು ಅಂದ್ಕೋತಾರೆ.

ಇಷ್ಟು ಹೆದರ್ಕೋಬೇಕಾ ಅಂದ್ರೆ, ಹೆದರಿಕೆ ಅಲ್ಲ ಇದು, ಸುಸ್ತು. ಮೇ 20ಕ್ಕೆ ನಮ್ಮ ಹಾಸನದ ಬಾನು ಮುಷ್ತಾಕ್ ಅವ್ರಿಗೂ ಅನುವಾದ ಮಾಡಿದ ದೀಪಾ ಭಾಸ್ತಿ ಅವ್ರಿಗೂ ಇಂಟರ್‌ನ್ಯಾಷನಲ್ ಬುಕರ್ ಬಂದಾಗ, ರಜೆ ಮುಗಿಸಿ ಬಂದ ನಮ್ಮ ಸ್ಟಾಫ್ ರೂಮಲ್ಲಿ ಎಲ್ರೂ "ನಮ್ಮೂರೋರು ನಮ್ಮೂರೋರು" ಅಂತಿದ್ರು. ಅದೇ ಆಗಸ್ಟಲ್ಲಿ ಅವ್ರನ್ನ ಮೈಸೂರು ದಸರಾ ಉದ್ಘಾಟನೆಗೆ ಕರೆದಿದ್ದೇ ತಡ, ಮುಸ್ಲಿಂ ಲೇಖಕಿ ದಸರಾ ಉದ್ಘಾಟನೆ ಮಾಡಬಹುದಾ ಅಂತ ಸ್ಟಾಫ್ ರೂಮ್ ಎರಡು ಹೋಳಾಯ್ತು, ಊಟದ ಡಬ್ಬಿ ತೆಗೆಯೋ ಟೇಬಲ್ ಕೂಡ ಬೇರೆ ಆಯ್ತು. ವಿಷ್ಯ ಸುಪ್ರೀಂ ಕೋರ್ಟ್ ತನಕ ಹೋಗಿ ಅರ್ಜಿ ವಜಾ ಆಗಿ ಸೆಪ್ಟೆಂಬರ್ 22ಕ್ಕೆ ಚಾಮುಂಡಿ ಬೆಟ್ಟದಲ್ಲಿ ಅವ್ರೇ ಉದ್ಘಾಟನೆ ಮಾಡಿದ್ರು. ಎರಡು ದಿನ ಬಿಟ್ಟು 24ಕ್ಕೆ ಕಾದಂಬರಿಕಾರ ಎಸ್.ಎಲ್. ಭೈರಪ್ಪ ತೀರ್ಕೊಂಡ್ರು, ಅವ್ರೂ ನಮ್ಮ ಜಿಲ್ಲೆಯೋರೇ, ಚನ್ನರಾಯಪಟ್ಟಣ ತಾಲ್ಲೂಕಿನ ಸಂತೆಶಿವರ. ನಾನು ಇಬ್ರನ್ನೂ ಓದಿದೀನಿ, ಆ ವರ್ಷವೇ ಒಬ್ಬರಾದ್ಮೇಲೆ ಒಬ್ಬರನ್ನ, ಒಬ್ಬರ ಹತ್ರ ಜಗಳ ಆಡ್ತಾ ಓದ್ದೆ ಇನ್ನೊಬ್ಬರ ಹತ್ರ ಅಳ್ತಾ ಓದ್ದೆ, ಯಾರ ಹತ್ರ ಯಾವ್ದು ಅಂತ ಹೇಳಲ್ಲ. ಆದ್ರೆ ಆ ವಾರ ಒಬ್ಬರಿಗೆ ಅಭಿನಂದನೆ ಸ್ಟೇಟಸ್ ಹಾಕಿದೋರು ಇನ್ನೊಬ್ಬರಿಗೆ ಶ್ರದ್ಧಾಂಜಲಿ ಹಾಕ್ಲಿಲ್ಲ, ಇವ್ರಿಗೆ ಹಾಕಿದೋರು ಅವ್ರಿಗೆ ಹಾಕ್ಲಿಲ್ಲ. ನಾನು ಎರಡೂ ಹಾಕ್ಲಿಲ್ಲ, ಅದಕ್ಕೂ ಒಬ್ಬರು "ಯಾಕೆ ಮೇಡಂ ಸೈಲೆಂಟ್" ಅಂತ ಕೇಳಿದ್ರು.

ಸೆಪ್ಟೆಂಬರ್ 22ಕ್ಕೇ ಇನ್ನೊಂದು ಶುರುವಾಯ್ತು, ಸಾಮಾಜಿಕ ಶೈಕ್ಷಣಿಕ ಸಮೀಕ್ಷೆ, ಜನ ಕರೆಯೋದು ಜಾತಿ ಗಣತಿ ಅಂತ್ಲೇ. ದಸರಾ ರಜೇಲಿ ನಾವು ಗಣತಿದಾರರು. ಒಟ್ಟು ಅರವತ್ತು ಪ್ರಶ್ನೆ, ಉತ್ತರ ತುಂಬೋದು ಫೋನಿನ ಆ್ಯಪಲ್ಲಿ. ಕರೆಂಟ್ ಮೀಟರ್ ನೋಡೋರು ಮುಂಚೆನೇ ಬಂದು ಬಾಗಿಲಿಗೆ ಸ್ಟಿಕ್ಕರ್ ಅಂಟಿಸಿ ಹೋಗಿದ್ರು, ಅದ್ರ ನಂಬರ್ ಹಿಡ್ಕೊಂಡು ನಾವು ಮನೆ ಮನೆ. ನನ್ನ ಪಾಲಿಗೆ ನೂರಿಪ್ಪತ್ತು ಚಿಲ್ಲರೆ ಮನೆ ಬಂತು. ಸಮೀಕ್ಷೆನೇ ಬೇಡ ಅನ್ನೋಳಲ್ಲ ನಾನು. 2015ರಲ್ಲಿ ಮಾಡಿದ್ದು ಹತ್ತು ವರ್ಷ ಹಳೇದಾಯ್ತು, ಎಷ್ಟು ಜನ ಇದಾರೆ ಹೆಂಗಿದಾರೆ ಅಂತ ಗೊತ್ತಿಲ್ದೆ ಮೀಸಲಾತಿ ಬಗ್ಗೆ ಮಾತಾಡೋದು ಉಪ್ಪು ನೋಡ್ದೆ ಸಾರು ಬಡಿಸಿದಂಗೆ. ಆದ್ರೆ ಕೇಳೋ ಕೆಲ್ಸ ನನ್ನ ಕೈಗೆ ಬಂದಾಗ ಗೊತ್ತಾಗಿದ್ದೇ ಬೇರೆ.

ಅದಕ್ಕೆ ಮುಂಚೆ ನಮ್ಮ ಜಿಲ್ಲೆ ಕಥೆ ಒಂಚೂರು ಹೇಳ್ಬೇಕು. 2024ರ ಏಪ್ರಿಲಲ್ಲಿ, 26ನೇ ತಾರೀಕು ಲೋಕಸಭೆ ಮತದಾನಕ್ಕೆ ಮುಂಚೆ, ಇಲ್ಲಿ ಆಗಿನ ನಮ್ಮ ಸಂಸದರದ್ದು ಅನ್ನೋ, ಹೆಣ್ಣುಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿಡಿಯೋಗಳಿದ್ದ ಪೆನ್‌ಡ್ರೈವ್ ಹಂಚಿದ್ರು. ಮಾಡಿದೋನ ಪಾಪ ಬಯಲಿಗೆ ಬರ್ಲಿ ಅಂತ ಹಂಚಿದೀವಿ ಅಂದ್ರು, ಆದ್ರೆ ಬಯಲಿಗೆ ಬಂದಿದ್ದು ಆ ಹೆಣ್ಣುಮಕ್ಕಳ ಮುಖ. 2025ರ ಆಗಸ್ಟ್ 2ಕ್ಕೆ ಒಂದು ಕೇಸಲ್ಲಿ ಆ ಮಾಜಿ ಸಂಸದರಿಗೆ ಜೀವಾವಧಿ ಶಿಕ್ಷೆ ಆಯ್ತು, ಹಂಚಿದ ಕೈಗಳ ಬಗ್ಗೆ ನಮ್ಮ ಕಡೆ ಯಾರೂ ಅಷ್ಟಾಗಿ ಮಾತಾಡಲ್ಲ. ನಮ್ಮ ಫ್ಯಾಮಿಲಿ ಗ್ರೂಪಿಗೂ ಒಂದು ಫೋಟೋ ಬಂದಿತ್ತು, ನಾನು ಡಿಲೀಟ್ ಮಾಡಿ ಸುಮ್ನಾದೆ. ಕಳ್ಸಿದ್ದು ನನ್ನ ದೊಡ್ಡಪ್ಪನ ಮಗ, ಒಂದು ಮಾತು ಬೈದಿದ್ರೆ ಏನಾಗ್ತಿತ್ತು. ಬೈಲಿಲ್ಲ. ಇದು ನನ್ನ ತಲೆಲಿ ಇನ್ನೂ ಇದೆ.

ಇಂಥ ಜಿಲ್ಲೆಲಿ ನಾನು ಫೋನ್ ಎತ್ತಿ ಹಿಡ್ಕೊಂಡು ಅಂಗಳಕ್ಕೆ ಹೋದ್ರೆ ಹೆಂಗಸರು ಒಳಗೆ ಹೋಗಿ ಬಾಗಿಲು ಹಾಕ್ಕೋತಿದ್ರು, ಮೊದಲ ದಿನ ನನಗೆ ಸಿಟ್ಟು ಬಂತು, ಎರಡನೇ ದಿನ ಅರ್ಥ ಆಯ್ತು. ಆಮೇಲಿಂದ ಅಂಗಳಕ್ಕೆ ಹೋಗೋವಾಗ ಫೋನ್ ಬ್ಯಾಗಲ್ಲೇ, ಕೂತು ನೀರು ಕುಡ್ದು, ಫೋಟೋ ತೆಗೆಯಲ್ಲ ಕಣಮ್ಮ ಅಂತ ಹೇಳಿ, ಆಮೇಲೆ ಈಚೆಗೆ ತೆಗೀತಿದ್ದೆ.

ಮೂರನೇ ದಿನ ಒಂದು ತಪ್ಪು ಮಾಡ್ದೆ. ಒಂದು ಮನೆ, ಜಗಲಿ ಮೇಲೆ ಅತ್ತೆ ಮಾವ ಗಂಡ ಪಕ್ಕದ್ಮನೆಯೋರು ಎಲ್ಲ ಸೇರಿದ್ರು, ಸೊಸೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ಲು. ಜಾತಿ, ಉಪಜಾತಿ, ಓದು, ಜಮೀನು ಎಲ್ಲ ಆಯ್ತು, ಸಾಲದ ಪ್ರಶ್ನೆ ಬಂತು, ನಾನು ಕ್ಲಾಸಲ್ಲಿ ಮಗ್ಗಿ ಹೇಳ್ಸೋ ಗಂಟಲಲ್ಲಿ "ಮನೇಲಿ ಯಾರಾದ್ರೂ ಸಾಲ ತಗೊಂಡಿದೀರಾ, ಎಲ್ಲಿಂದ, ಯಾಕೆ" ಅಂತ ಕೇಳ್ದೆ. ಮಾವ ಬ್ಯಾಂಕಿನ ಬೆಳೆಸಾಲ ಹೇಳಿದ್ರು. ಸೊಸೆ ಕಡೆ ತಿರುಗಿ "ನೀನೇನಾದ್ರೂ ಸಂಘದಲ್ಲಿ ಎತ್ತಿದೀಯಾಮ್ಮಾ" ಅಂದೆ. "ಇಲ್ಲ" ಅಂದ್ಲು, ಆದ್ರೆ ಅವಳ ಮುಖ ನೋಡಿದ ಅವಳತ್ತೆ ಮುಖ ಬದಲಾಯ್ತು. ಸಾಯಂಕಾಲ ನಾನು ಬಸ್ಸಿಗೆ ಕಾಯ್ತಿದ್ದಾಗ ಹುಲ್ಲಿನ ಹೊರೆ ಹೊತ್ಕೊಂಡು ಬಂದ್ಲು, ಹೊರೆ ಇಳಿಸದೇನೇ ಕೇಳಿದ್ಲು, "ಮೇಡಂ, ನಾನು ಸುಳ್ಳು ಬರ್ಸಿದೀನಿ, ಅಕ್ಕಿ ಕಾರ್ಡ್ ಕಟ್ ಆಗುತ್ತಾ?" ತವರಲ್ಲಿ ತಮ್ಮನ ಆಪರೇಷನ್‌ಗೆ ಅಂತ ಸಂಘದಲ್ಲಿ ದುಡ್ಡು ಎತ್ತಿ ಕೊಟ್ಟಿದ್ಲಂತೆ, ಮನೇಲಿ ಗೊತ್ತಿಲ್ಲ. "ನಿಮ್ಮಿಂದ ರಾತ್ರಿ ಏನಾಗುತ್ತೋ ನೋಡ್ಬೇಕು" ಅಂದ್ಲು. ಬೈಲಿಲ್ಲ, ಬರೀ ಹೇಳಿದ್ಲು.

ಅವತ್ತು ಬಸ್ಸಲ್ಲಿ ಪುಸ್ತಕ ಬಿಚ್ಚಕ್ಕಾಗ್ಲಿಲ್ಲ. ನನ್ನ ಪುಸ್ತಕದ ಮುಖಪುಟ ಪಕ್ಕದೋರಿಗೆ ಕಾಣಬಾರ್ದು ಅಂತ ಬೈಂಡ್ ಹಾಕೋಳು ನಾನು, ಅವಳ ಸಾಲ ಮಾತ್ರ ಜಗಲಿ ತುಂಬ ಜನರ ಮುಂದೆ ಕೇಳಿದೀನಿ.

ತಮಾಷೆ ಅಂದ್ರೆ ಗುಟ್ಟು ಕಾಯೋ ಟ್ರೈನಿಂಗ್ ನನಗೆ ಆಗಿತ್ತು, ಎಲೆಕ್ಷನ್ ಡ್ಯೂಟಿಲಿ. ಬೂತಲ್ಲಿ ಮತ ಹಾಕೋ ಮರೆಯನ್ನ ಕಿಟಕಿಗೆ ಎದುರಾಗಿ ಇಡಬಾರ್ದು, ಹಿಂದೆಯಿಂದ ಯಾರೂ ಇಣುಕದಂಗೆ ಇರಬೇಕು, ಇದನ್ನೆಲ್ಲ ಹಿಂದಿನ ಸಂಜೆನೇ ಬೆಂಚ್ ಎಳೆದಾಡಿ ಸರಿ ಮಾಡ್ತೀವಿ. ಒಂದು ಬಟನ್‌ಗೆ ಅಷ್ಟು ಮರೆ, ಅರವತ್ತು ಪ್ರಶ್ನೆಗೆ ಒಂದು ಸೆರಗಿನ ಮರೆನೂ ಇಲ್ಲ.

ಮಾರನೇ ದಿನದಿಂದ ನಾನು ಬದಲಾಯಿಸ್ಕೊಂಡಿದ್ದು ಹೀಗೆ. ಜಗಲಿ ಮೇಲೆ ಮನೆ ಪಟ್ಟಿ, ಜಮೀನು, ಕೋಳಿ ಕುರಿ, ಗಂಡಸರು ಹೇಳೋಕೆ ಇಷ್ಟಪಡೋದನ್ನೆಲ್ಲ ಮೊದಲು ಮುಗಿಸ್ತಿದ್ದೆ. (ಕೋಳಿ ಕುರಿ ಚಿನ್ನ ಎಲ್ಲ ಕೇಳ್ಬೇಡಿ ಅಂತ ಬೆಂಗಳೂರಲ್ಲಿ ಡಿ.ಕೆ. ಶಿವಕುಮಾರ್ ಅವ್ರೇ ಗಣತಿದಾರರಿಗೆ ಹೇಳಿದ್ದು ಆಮೇಲೆ ಪೇಪರಲ್ಲಿ ಬಂತು, ನಮ್ಮ ಹಳ್ಳೀಲಿ ಕೋಳಿ ಲೆಕ್ಕ ಹೇಳೋಕೆ ಯಾರಿಗೂ ನಾಚಿಕೆ ಇರ್ಲಿಲ್ಲ, ಕೇಳ್ದಿದ್ರೆ ಬೇಜಾರು.) ಆಮೇಲೆ "ಒಂದು ಲೋಟ ಕಾಫಿ ಸಿಗುತ್ತೇನಮ್ಮ" ಅಂತ ನಾನೇ ಅಡುಗೆಮನೆಗೆ ಹೋಗ್ತಿದ್ದೆ. ನಾಚಿಕೆ ಬಿಟ್ಟು ಕೇಳ್ತಿದ್ದೆ, ಒಂದು ದಿನ ಒಂಬತ್ತು ಕಾಫಿ ಕುಡ್ದಿದೀನಿ, ಗ್ಯಾಸ್ಟ್ರಿಕ್ ಬಂತು. ಮದುವೆ ಆದಾಗ ವಯಸ್ಸೆಷ್ಟು, ಸಾಲ ಇದೆಯಾ, ಇವೆಲ್ಲ ಅಲ್ಲೇ ಒಲೆ ಪಕ್ಕ, ಮೆಲ್ಲಗೆ. ಓದೋಕೆ ಬರೋರಿಗೆ ಸ್ಕ್ರೀನ್ ತಿರುಗಿಸಿ ಪ್ರಶ್ನೆ ತೋರಿಸ್ತಿದ್ದೆ, ಬೆರಳಲ್ಲಿ ತೋರ್ಸಿದ್ರೆ ಸಾಕು, ಬಾಯಲ್ಲಿ ಹೇಳ್ಬೇಕಿಲ್ಲ. ಓಟಿಪಿ ಬಂದಾಗ ಊರಿಗೆಲ್ಲ ಕೇಳೋ ಹಂಗೆ ಕೂಗಿ ಹೇಳೋರು ಜನ, "ಕೂಗ್ಬೇಡಿ, ತೋರ್ಸಿ, ಬೇರೆ ಯಾರಾದ್ರೂ ಫೋನಲ್ಲಿ ಕೇಳಿದ್ರೆ ಕೊಡ್ಬೇಡಿ" ಅಂತ ಪ್ರತಿ ಮನೇಲೂ ಹೇಳ್ದೆ, ಇದೊಂದು ಕೆಲ್ಸ ಸಂಬಳಕ್ಕಿಂತ ಜಾಸ್ತಿ ಮಾಡಿದೀನಿ ಅನ್ಸುತ್ತೆ.

ಸೆಪ್ಟೆಂಬರ್ 25ಕ್ಕೆ ಹೈಕೋರ್ಟ್ ಮಧ್ಯಂತರ ಆದೇಶ ಬಂತು, ಸಮೀಕ್ಷೆ ನಿಲ್ಸಲ್ಲ, ಆದ್ರೆ ಮಾಹಿತಿ ಕೊಡೋದು ಜನರ ಇಷ್ಟ, ಬಲವಂತ ಮಾಡಂಗಿಲ್ಲ, ಮಾಹಿತಿ ಗೌಪ್ಯವಾಗಿರಬೇಕು ಅಂತ. ಕೆಲವು ಸಹೋದ್ಯೋಗಿಗಳು ಇದನ್ನ ಹೇಳಿದ್ರೆ ಯಾರೂ ಉತ್ತರ ಕೊಡಲ್ಲ ಅಂತ ಹೆದರಿದ್ರು. ನಾನು ಹೇಳಿಯೇ ಶುರು ಮಾಡ್ತಿದ್ದೆ, ನನ್ನ ಕಡೆ ಪೂರ್ತಿ ಬೇಡ ಅಂದಿದ್ದು ಎರಡೇ ಮನೆ. ಒಬ್ಬ ಅಜ್ಜಿ ಮಾತ್ರ "ಇಷ್ಟ ಇದ್ರೆ ಹೇಳು ಅಂತೀಯ, ಮತ್ಯಾಕವ್ವ ಇಷ್ಟು ದೂರ ನಡ್ಕಂಡ್ ಬಂದೆ" ಅಂತ ನಕ್ಕು ಅರವತ್ತೂ ಹೇಳಿದ್ರು, ನಾನು ಕೇಳ್ದೆ ಇದ್ದ ಇನ್ನಷ್ಟು ಸೇರಿಸಿ.

ರಾಜಕೀಯ ಬರ್ದೇ ಇರುತ್ತಾ. ಪ್ರತಿ ಸಮುದಾಯದ ಮುಖಂಡರೂ ಯಾವ ಕಾಲಂನಲ್ಲಿ ಏನು ಬರೆಸ್ಬೇಕು ಅಂತ ಕರಪತ್ರ ಹಂಚಿದ್ರು, ಕೆಲವು ಮನೇಲಿ ಕರಪತ್ರ ನೋಡ್ಕೊಂಡೇ ಉತ್ತರ ಹೇಳ್ತಿದ್ರು, ತಂದೆ ಒಂದು ಹೇಳಿದ್ರೆ ಕಾಲೇಜಿಗೆ ಹೋಗೋ ಮಗ ಇನ್ನೊಂದು ಹೇಳೋನು, ಇಬ್ರೂ ಜಗಳ ಮುಗಿಸೋ ತನಕ ನಾನು ಬ್ರೌನ್ ಶೀಟ್ ಪುಸ್ತಕ ತೆಗ್ದು ಎರಡು ಪುಟ ಓದ್ಕೋತಿದ್ದೆ. ಗುಡ್ಡದ ಪಕ್ಕದ ಮನೆಗಳಲ್ಲಿ ನೆಟ್‌ವರ್ಕ್‌ಗೆ ಕಾಯೋವಾಗಲೂ ಅಷ್ಟೇ. ಆ ಹನ್ನೊಂದರಲ್ಲಿ ಮೂರು ಪುಸ್ತಕ ಹೀಗೆ ಪರರ ಜಗಲಿ ಮೇಲೆ ಮುಗ್ದಿದ್ದು. ಒಂದರಲ್ಲಿ ಪ್ರೈವಸಿ ತೀರ್ಪಿನ ಬಗ್ಗೆ ಒಂದು ಅಧ್ಯಾಯ ಇತ್ತು, ಅಲ್ಲಿ ತನಕ ಪುಟ್ಟಸ್ವಾಮಿ ಕೇಸ್ ಅಂದ್ರೆ ಯಾರೋ ಅಂದ್ಕೊಂಡಿದ್ದೆ, ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವ್ರು, ಎಂಬತ್ತು ದಾಟಿದ ಮೇಲೆ 2012ರಲ್ಲಿ ಆಧಾರ್ ವಿಷ್ಯಕ್ಕೆ ಸುಪ್ರೀಂ ಕೋರ್ಟಿಗೆ ಹೋದೋರು. 2017ರ ಆಗಸ್ಟ್ 24ಕ್ಕೆ ಒಂಬತ್ತು ಜನ ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂದ್ರು. ಅದನ್ನ ಓದ್ತಾ ಇರೋವಾಗ ಒಳಗಿಂದ "ಮೇಡಂ, ನೆಟ್ ಬಂತು, ನಮ್ಮ ಹಿರಿಯೋನ ಆಧಾರ್ ನಂಬರ್ ಬರ್ಕೊಳಿ" ಅಂತ ಕೂಗಿದ್ರು.

ರಜೆ ಅಕ್ಟೋಬರ್ 18ರ ತನಕ ಮುಂದಕ್ಕೆ ಹೋಯ್ತು. ನನ್ನ ಮನೆಗಳು ಮುಗಿದ ರಾತ್ರಿ ನನ್ನ ಫೋನ್ ಹಿಡ್ಕೊಂಡು ಕೂತೆ, ಬೇರೆ ಆ್ಯಪ್‌ಗಳಿಗೆಲ್ಲ ನಾನು ಏನೇನು ಒಪ್ಪಿಗೆ ಕೊಟ್ಟಿದೀನಿ ನೋಡೋಣ ಅಂತ. ಟಾರ್ಚ್ ಆ್ಯಪ್‌ಗೆ ಕಾಂಟ್ಯಾಕ್ಟ್ ಲಿಸ್ಟ್ ಬೇಕಂತೆ. ಹದಿನೇಳು ಆ್ಯಪ್ ತೆಗೆದೆ, ವಾಟ್ಸಾಪಲ್ಲಿ ಸಿಕ್ಕಸಿಕ್ಕೋರು ಗ್ರೂಪಿಗೆ ಸೇರಿಸದಂಗೆ ಮಾಡ್ಕೊಂಡೆ, ದೊಡ್ಡಪ್ಪನ ಮಗ ಇರೋ ಗ್ರೂಪಿಂದ ಹೊರಗೆ ಬಂದೆ. ಬರೋಕೆ ಮುಂಚೆ ಅವನಿಗೆ ಫೋನ್ ಮಾಡಿ, ಅವತ್ತು ನೀನು ಆ ಫೋಟೋ ಹಾಕಿದ್ದು ತಪ್ಪು ಕಣೋ ಅಂದೆ, ಒಂದೂವರೆ ವರ್ಷ ಲೇಟು. "ಯಾವ ಫೋಟೋ ಅಕ್ಕ?" ಅಂದ. ನಿಜವಾಗ್ಲೂ ಮರೆತಿದ್ದ.

ಇನ್ನು ಆ ನೋಟ್‌ಬುಕ್. ನೆಟ್‌ವರ್ಕ್ ಇಲ್ಲದ ಮನೆಗಳದ್ದು ಮೊದಲು ಕೈಲಿ ಬರ್ಕೊಂಡು ಆಮೇಲೆ ಆ್ಯಪಿಗೆ ಹಾಕ್ತಿದ್ದೆ, ಹೆಸರು, ಫೋನ್ ನಂಬರ್, ಜಾತಿ, ಸಾಲ, ಎಲ್ಲ ನನ್ನ ಕೈಬರಹದಲ್ಲಿ. ಎಲ್ಲರ ಮಾಹಿತಿನೂ ಗೌಪ್ಯ, ಆದ್ರೆ ಒಂದು ಪ್ರತಿ ನನ್ನ ವ್ಯಾನಿಟಿ ಬ್ಯಾಗಲ್ಲಿ, ಟಿಫನ್ ಡಬ್ಬಿ ಜೊತೆ ಬಸ್ಸಲ್ಲಿ ಓಡಾಡ್ತಿತ್ತು. ಪೇಪರ್ ಅಂಗಡಿಗೆ ಹಾಕಿದ್ರೆ ಬೋಂಡ ಕಟ್ಟಿ ಕೊಡ್ತಾರೆ. ದೀಪಾವಳಿಗೆ ಎಣ್ಣೆಸ್ನಾನದ ದಿನ ಬೆಳಿಗ್ಗೆ ಬಚ್ಚಲ ಒಲೆಗೆ ಒಂದೊಂದೇ ಹಾಳೆ ಹರ್ದು ಹಾಕ್ದೆ, ನೀರೂ ಕಾಯ್ತು. ನಾನು ಓದಿದ ಪುಸ್ತಕದ ಪಟ್ಟಿ ಅದೇ ನೋಟ್‌ಬುಕ್ಕಿನ ಹಿಂದಿನ ಹಾಳೆಲಿತ್ತು ಅಂತ ನೆನಪಾಗಿದ್ದು ತಲೆ ಮೇಲೆ ಎರಡನೇ ಚೆಂಬು ಹುಯ್ಕೊಂಡಾಗ.