ತಾಯಿಕೋಳಿ ಮರಿಗಳನ್ನು ಕುಕ್ಕುತ್ತಿದ್ದರೆ

ಮೊದಲ ಸಲ ಕಾವಿಗೆ ಕೂತ ಹೇಂಟೆ ಮರಿಯನ್ನು ಕುಕ್ಕಿದರೆ ಅದನ್ನು ಕೆಟ್ಟ ಕೋಳಿ ಎನ್ನಬೇಡಿ. ಒಡೆದ ಮೊಟ್ಟೆಯೊಳಗೆ ಅಲುಗುವ ಒದ್ದೆ ಜೀವ ಕಂಡು ಅದು ಬೆದರಿರುತ್ತದೆ. ಕುಕ್ಕಿದ ಮರಿಯನ್ನು ತಕ್ಷಣ ತೆಗೆದು, ಒಣಗಿಸಿ, ಬೆಚ್ಚಗಿಟ್ಟು, ಕತ್ತಲಾದ ಮೇಲೆ ರೆಕ್ಕೆಯಡಿ ಸರಿಸಿ. ಬೆಳಗ್ಗೆಯೂ ಕುಕ್ಕಿದರೆ ಮತ್ತೆ ಬಿಡಬೇಡಿ. ರಟ್ಟಿನ ಡಬ್ಬಿಯಲ್ಲಿ ಬಲ್ಬ್ ಕಟ್ಟಿ ಮೊದಲ ವಾರ 32ರಿಂದ 35 ಡಿಗ್ರಿ ಶಾಖದಲ್ಲಿ ಸಾಕಿ.

ಹೆಚ್ಚಿನ ತಪ್ಪು ನಮ್ಮದೇ. ದಿನಕ್ಕೊಂದರಂತೆ ಮೊಟ್ಟೆ ಸೇರಿಸಿದರೆ ಮರಿಗಳು ಹಿಂದೆಮುಂದೆ ಹೊರಬರುತ್ತವೆ. ಒಂದೆರಡು ದಿನ ಕಾದು ಕೋಳಿ ಏಳುತ್ತದೆ, ಉಳಿದವು ತಣ್ಣಗಾಗುತ್ತವೆ. 10-12 ಮೊಟ್ಟೆ ಒಟ್ಟಿಗೇ ಇಡಿ, ಪೆನ್ಸಿಲಿನಿಂದ ಗುರುತು ಹಾಕಿ, 21 ದಿನ ಎಣಿಸಿ.

ಹೇನು, ನುಸಿ ಕಚ್ಚಿದರೂ ಕೋಳಿ ಕೂರುವುದಿಲ್ಲ. ಕೂರಿಸುವ ಮೊದಲೇ ರೆಕ್ಕೆಯಡಿ ನೋಡಿ, ಬುಟ್ಟಿಯ ಹುಲ್ಲು ಬದಲಿಸಿ. ಸಿಂಧನೂರು, ಗಂಗಾವತಿ ಕಡೆ ಭತ್ತದ ಹುಲ್ಲಿಗೇನು ಬರ!

ರಾಯಚೂರಿನ ಏಪ್ರಿಲ್-ಮೇ ಬಿಸಿಲಲ್ಲಿ ತಗಡಿನ ಕೆಳಗೆ ಬುಟ್ಟಿ ಇಡಬೇಡಿ. ಸೆಕೆಗೆ ಕೋಳಿ ಗೂಡನ್ನೇ ಬಿಡುತ್ತದೆ. ಬೇರೆ ಕೋಳಿ, ನಾಯಿ ಸುಳಿಯದ ಮಬ್ಬು ಮೂಲೆ ಸಾಕು. ನುಚ್ಚು, ನೀರು ಹತ್ತಿರವೇ ಇರಲಿ. ನೀರಿನ ತಟ್ಟೆಗೆ ಬೆಣಚುಕಲ್ಲು ಹಾಕಿ, ಇಲ್ಲದಿದ್ದರೆ ಮರಿ ಮುಳುಗುತ್ತದೆ.