ಪೆನ್ಸಿಕ್ ಯುದ್ಧಕ್ಕೆ ಹೊರಡುವವರು ಮೊದಲು ಬಿಡಾರ ಹುಡುಕಿ

ಅಮೆರಿಕದ ಕನ್ನಡಿಗರಿಗೆ ಪಿಟ್ಸ್‌ಬರ್ಗ್ ಎಂದೊಡನೆ ನೆನಪಾಗುವುದು ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನ. ಅದೇ ಊರಿನಿಂದ ಉತ್ತರಕ್ಕೆ ಇಂಟರ್‌ಸ್ಟೇಟ್ 79ರಲ್ಲಿ ಸುಮಾರು ಒಂದು ತಾಸು ಹೋದರೆ, ಸ್ಲಿಪ್ಪರಿ ರಾಕ್ ಊರಿನ ಹತ್ತಿರ ಕೂಪರ್ಸ್ ಲೇಕ್ ಎಂಬ ಕ್ಯಾಂಪ್‌ಗ್ರೌಂಡ್ ಇದೆ. ಜುಲೈ ಕೊನೆಗೆ ಅಲ್ಲಿ ಹತ್ತು ಸಾವಿರದಷ್ಟು ಜನ ಬಂದು ಡೇರೆ ಹೊಡೆಯುತ್ತಾರೆ. 1600ಕ್ಕಿಂತ ಹಿಂದಿನ ಕಾಲದ ಉಡುಪು ತೊಟ್ಟು, ಅಡುಗೆ ಮಾಡಿಕೊಂಡು, ನೇಯ್ಗೆ ಕಲಿತು, ಹಗಲು ಬೆತ್ತದ ಕತ್ತಿಯಲ್ಲಿ ಬಡಿದಾಡಿ ರಾತ್ರಿ ಒಟ್ಟಿಗೆ ಕುಣಿಯುತ್ತಾರೆ. ಇದೇ ಪೆನ್ಸಿಕ್ ಯುದ್ಧ.

ನಡೆಸುವವರು 'ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರನಿಸಂ', ಚಿಕ್ಕದಾಗಿ ಎಸ್‌ಸಿಎ. 1966ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಒಂದು ಮನೆಯ ಹಿತ್ತಲಿನಲ್ಲಿ ನಡೆದ ಕೂಟದಿಂದ ಹುಟ್ಟಿದ ಸಂಘ ಇದು. ಈಗ ಜಗತ್ತನ್ನು 20 'ರಾಜ್ಯ'ಗಳಾಗಿ ಹಂಚಿಕೊಂಡು ಕೂತಿದೆ. 1972ರಲ್ಲಿ ಪೂರ್ವ ರಾಜ್ಯಕ್ಕೂ ಮಧ್ಯ ರಾಜ್ಯಕ್ಕೂ ಮೊದಲ ಪೆನ್ಸಿಕ್ ನಡೆಯಿತು. ಸೋತವರ ಪಾಲಿಗೆ ಪಿಟ್ಸ್‌ಬರ್ಗ್ ಬರುತ್ತದೆ ಎಂಬುದು ಅಲ್ಲಿಯ ಹಳೇ ತಮಾಷೆ. ಕೋವಿಡ್‌ನಿಂದಾಗಿ 2020 ಮತ್ತು 2021ರಲ್ಲಿ ನಡೆಯಲಿಲ್ಲ. 2023ರಲ್ಲಿ ಐವತ್ತನೆಯದು ಆಯಿತು.

ಮೊದಲೇ ಒಂದು ಮಾತು. ಇದು ಟಿಕೆಟ್ ಕೊಂಡು, ಒಂದು ಸುತ್ತು ಹಾಕಿ, ಫೋಟೊ ಹಿಡಿದು ಬರುವ ಮೇಳವಲ್ಲ. ಅಲ್ಲಿ ಪ್ರೇಕ್ಷಕರ ಗ್ಯಾಲರಿ ಎಂಬುದೇ ಇಲ್ಲ. ಒಳಗೆ ಹೋದವರೆಲ್ಲ ಆಟದೊಳಗಿನವರೇ. ಹೊಸದಾಗಿ ಹೊರಡುವವರು ತಿಂಗಳುಗಟ್ಟಲೆ ಬಟ್ಟೆಯ ಚಿಂತೆ ಮಾಡುತ್ತಾರೆ. ಆದರೆ ವಾರ ಸುಖವಾಗಿ ಕಳೆಯುತ್ತದೋ ಇಲ್ಲವೋ ಎನ್ನುವುದು ಯಾವ ಬಿಡಾರದಲ್ಲಿ ಇಳಿದುಕೊಳ್ಳುತ್ತೀರಿ ಎಂಬುದರ ಮೇಲಿದೆ.

ಬಿಡಾರ ಹಿಡಿಯುವುದು

ಚಳಿಗಾಲದಲ್ಲೇ ಶುರುಮಾಡಿ. ನೀವಿರುವ ಊರು ಎಸ್‌ಸಿಎಯ ಯಾವ ಘಟಕಕ್ಕೆ ಸೇರುತ್ತದೆ ಎಂದು ಮೊದಲು ನೋಡಿ. ಪಿಟ್ಸ್‌ಬರ್ಗಿನವರದು ಡಿಬೇಟಬಲ್ ಲ್ಯಾಂಡ್ಸ್ ಎಂಬ ಘಟಕ. ನ್ಯೂಜೆರ್ಸಿ, ಬಾಸ್ಟನ್‌ನವರು ಪೂರ್ವ ರಾಜ್ಯದವರು. ಷಿಕಾಗೊ, ಡೆಟ್ರಾಯಿಟ್‌ನವರು ಮಧ್ಯ ರಾಜ್ಯದವರು. ವರ್ಜೀನಿಯಾ, ನಾರ್ತ್ ಕೆರೊಲಿನಾದವರು ಅಟ್ಲಾಂಟಿಯಾ ರಾಜ್ಯದವರು. ಪ್ರತಿ ಘಟಕದಲ್ಲೂ ಹೊಸಬರನ್ನು ನೋಡಿಕೊಳ್ಳುವುದಕ್ಕೆಂದೇ ಒಬ್ಬರಿರುತ್ತಾರೆ, ಅವರನ್ನು ಷಾಟಲೇನ್ ಎನ್ನುತ್ತಾರೆ. ಅವರ ವಾರದ ಅಭ್ಯಾಸಕ್ಕೋ ಹೊಲಿಗೆ ಕೂಟಕ್ಕೋ ನಾಲ್ಕು ಸಲ ಹೋಗಿ ಬನ್ನಿ. ಹೋದವರಿಗೆ "ನಮ್ಮ ಜೊತೆಯೇ ಇಳಿದುಕೊಳ್ಳಿ" ಎಂಬ ಕರೆ ಸಾಮಾನ್ಯವಾಗಿ ಬಂದೇ ಬರುತ್ತದೆ.

ಗುಂಪಿನಲ್ಲಿ ಸೇರಿದರೆ ಲಾಭ ಏನು? ಅವರದು ಅಡುಗೆ ಡೇರೆ ಇರುತ್ತದೆ, ನೆರಳಿಗೆ ದೊಡ್ಡ ಚಪ್ಪರ ಇರುತ್ತದೆ, ಅನೇಕ ಗುಂಪುಗಳು ಸ್ನಾನಕ್ಕೆ ತಾವೇ ಒಂದು ಮರೆ ಕಟ್ಟಿಕೊಂಡಿರುತ್ತವೆ. ಊಟದ ಖರ್ಚನ್ನು ತಲೆಗಿಷ್ಟು ಎಂದು ಹಂಚಿಕೊಳ್ಳುತ್ತಾರೆ. ಬದಲಿಗೆ ನಿಮ್ಮ ಪಾಲಿನ ಕೆಲಸ ನೀವು ಮಾಡಬೇಕು: ಒಂದು ದಿನ ಪಾತ್ರೆ, ಒಂದು ದಿನ ಅಡುಗೆ, ಕೊನೆಗೆ ಗೂಟ ಕೀಳುವುದು. ಮದುವೆಮನೆಗೆ ಎರಡು ದಿನ ಮೊದಲೇ ಹೋಗಿ ತೆಂಗಿನಕಾಯಿ ಸುಲಿಯುವ ನೆಂಟರ ಹಾಗೆ ಇದ್ದುಬಿಡಿ, ಮೂರನೆಯ ದಿನಕ್ಕೆ ನೀವು ಹೊಸಬರು ಎಂಬುದು ಯಾರಿಗೂ ನೆನಪಿರುವುದಿಲ್ಲ.

ಜಾಗ ಹಂಚುವುದೂ ಗುಂಪಿನ ಲೆಕ್ಕದಲ್ಲೇ. ಮುಂಗಡವಾಗಿ ಹೆಸರು ಕೊಟ್ಟ ಸದಸ್ಯರೆಷ್ಟು ಎಂದು ನೋಡಿ ಗುಂಪಿಗೆ ಇಷ್ಟು ನೆಲ ಎಂದು ಕೊಡುತ್ತಾರೆ. ಮೊದಲ ವಾರಾಂತ್ಯದಲ್ಲಿ ಎಲ್ಲ ಗುಂಪುಗಳ ಪ್ರತಿನಿಧಿಗಳು ಸೇರಿ ಗಡಿ ಗುರುತು ಮಾಡಿಕೊಳ್ಳುತ್ತಾರೆ. ಆದ್ದರಿಂದ ಅವಧಿಯೊಳಗೆ ಹೆಸರು ನೋಂದಾಯಿಸಿ, ಗುಂಪಿನ ಹೆಸರನ್ನು ಸರಿಯಾಗಿ ನಮೂದಿಸಿ. ನೀವು ತಡಮಾಡಿದರೆ ನಿಮ್ಮ ಡೇರೆಯ ಅಗಲದಷ್ಟು ನೆಲ ಗುಂಪಿನವರಿಗೆ ಕಡಿಮೆಯಾಗುತ್ತದೆ, ಅದನ್ನು ಅವರು ವಾರವಿಡೀ ನೆನಪಿಸುತ್ತಾರೆ.

ಯಾವ ವಾರ?

ಪೂರ್ತಿ ಉತ್ಸವ ಎರಡು ವಾರಕ್ಕೂ ಮೀರಿದ್ದು. ರಜೆ ಒಂದೇ ವಾರ ಸಿಕ್ಕರೆ ಎರಡನೆಯ ವಾರಕ್ಕೆ ಹೋಗಿ. ದೊಡ್ಡ ಕಾಳಗಗಳೆಲ್ಲ ಆಗಲೇ. ಮೊದಲ ವಾರ ಶಾಂತವಾಗಿರುತ್ತದೆ, ಗದ್ದಲ ಬೇಡ ಎನ್ನುವವರಿಗೆ ಅದೇ ಒಳ್ಳೆಯದು. ತಡವಾಗಿ ಬಂದವರಿಗೆ ಶುಲ್ಕವೂ ಕಡಿಮೆ, ಎಸ್‌ಸಿಎ ಸದಸ್ಯರಲ್ಲದವರಿಗೆ ಸ್ವಲ್ಪ ಹೆಚ್ಚು. ಪೆನ್ಸಿಲ್ವೇನಿಯಾ ದೂರವಾಯಿತು ಎನ್ನುವ ಟೆಕ್ಸಾಸ್ ಕಡೆಯವರಿಗೆ ಮಾರ್ಚ್‌ನಲ್ಲಿ ಮಿಸಿಸಿಪ್ಪಿಯಲ್ಲಿ ನಡೆಯುವ ಗಲ್ಫ್ ವಾರ್ಸ್ ಇದೆ. ಅದೂ ಒಂದು ವಾರದ ಉತ್ಸವ.

ಉಡುಪು

ನಿಯಮ ಸರಳ: 1600ಕ್ಕಿಂತ ಹಿಂದಿನದು ಎನ್ನುವ ಪ್ರಯತ್ನ ಕಾಣಬೇಕು. ಪ್ರಯತ್ನ ಸಾಕು, ಯಾರೂ ಹೊಲಿಗೆಯನ್ನು ತಿರುಗಿಸಿ ನೋಡುವುದಿಲ್ಲ. ಹೆಚ್ಚಿನವರು ಲಿನನ್ ಬಟ್ಟೆಯ ನಿಲುವಂಗಿ ಹಾಕಿ ಸೊಂಟಕ್ಕೆ ಪಟ್ಟಿ ಬಿಗಿಯುತ್ತಾರೆ. ಏನೂ ಇಲ್ಲದವರಿಗೆ ಘಟಕದವರೇ ಎರವಲು ಕೊಡುತ್ತಾರೆ.

ಆದರೆ ನಮಗೆ ಯುರೋಪಿನ ವೇಷವೇ ಬೇಕೆಂದೇನೂ ಇಲ್ಲ. ಬೇರೆ ನಾಡುಗಳ ಉಡುಪು ತೊಟ್ಟವರೂ ಅಲ್ಲಿ ಓಡಾಡುತ್ತಾರೆ. ವಿಜಯನಗರವಂತೂ ಈ ಕಾಲಮಿತಿಗೆ ಸರಿಯಾಗಿ ಹೊಂದುತ್ತದೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ಅರಸ ಬಿಳಿ ಬಟ್ಟೆಯ ಮೇಲೆ ಚಿನ್ನದ ಗುಲಾಬಿ ಹೂಗಳ ಕಸೂತಿ ತೊಟ್ಟು, ತಲೆಗೆ ಜರತಾರಿ ಟೊಪ್ಪಿಗೆ ಇಟ್ಟಿದ್ದ ಎಂದು ಬರೆದಿದ್ದಾನೆ. ಲೇಪಾಕ್ಷಿಯ ಚಾವಣಿಯ ಚಿತ್ರಗಳಲ್ಲಿ ಆಸ್ಥಾನಿಕರು ಉದ್ದನೆಯ ಬಿಳಿ ಕಬಾಯಿ, ಚೂಪಾದ ಎತ್ತರದ ಕುಲಾವಿ ತೊಟ್ಟು ನಿಂತಿದ್ದಾರೆ. ತೆಳು ಹತ್ತಿಯಲ್ಲಿ ಅಂಥ ಕಬಾಯಿಯನ್ನು ಯಾವ ದರ್ಜಿಯಾದರೂ ಹೊಲಿದುಕೊಡುತ್ತಾನೆ, ಆಗಸ್ಟ್ ಸೆಕೆಗೂ ಅದೇ ಹಿತ. ಹೆಂಗಸರಿಗೆ ಅದೇ ಚಾವಣಿಯಲ್ಲಿ ಬೇಕಾದಷ್ಟು ಸೀರೆಯ ವಿನ್ಯಾಸಗಳಿವೆ. ಕೈಮಗ್ಗದ ಹತ್ತಿ ಸೀರೆಯನ್ನು ಕಚ್ಚೆ ಹಾಕಿ ಉಡಿ. ನೆರಿಗೆ ಇಳಿಬಿಟ್ಟು ಉಟ್ಟರೆ ಕೆಸರಿನಲ್ಲಿ ಎರಡೇ ಹೆಜ್ಜೆಗೆ ಗೊತ್ತಾಗುತ್ತದೆ. ಪಾಲಿಯೆಸ್ಟರ್ ಬೇಡ, ಸೆಕೆ ಒಂದು ಕಡೆ, ಬೆಂಕಿಯ ಕಿಡಿ ಬಿದ್ದರೆ ಕರಗಿ ಮೈಗಂಟುವುದು ಇನ್ನೊಂದು ಕಡೆ.

ಕೆಲವನ್ನು ಹಾಕಿಕೊಳ್ಳಬಾರದು. ಕಿರೀಟದಂಥ ಪಟ್ಟಿ ಬೇಡ. ಸೊಂಟಕ್ಕೆ ಬಿಳಿ ಬೆಲ್ಟ್ ಬೇಡ, ಅದು ಯೋಧರಿಗೆ ಸಂಘ ಕೊಡುವ 'ನೈಟ್' ಪದವಿ ಪಡೆದವರ ಗುರುತು. ಪದಕವಿಲ್ಲದ ಬರೀ ಚಿನ್ನದ ಸರವೂ ಅವರದೇ. ಗಂಡಸರು ಕೊರಳಿನ ಚೈನನ್ನು ಅಂಗಿಯೊಳಗೆ ಬಿಟ್ಟುಕೊಂಡರೆ ಸಾಕು. ಕರಿಮಣಿ ಸರಕ್ಕೆ ಯಾರ ತಕರಾರೂ ಇಲ್ಲ.

ಬೇಕಿದ್ದರೆ ಒಂದು ಪಾತ್ರವನ್ನೂ ಕಟ್ಟಿಕೊಳ್ಳಬಹುದು. ಭಟ್ಕಳದ ಬಂದರಿನಲ್ಲಿ ಅರಬ್ಬಿ ಕುದುರೆ ಇಳಿಸಿಕೊಂಡು ಹಂಪಿಗೆ ಸಾಗಿಸುವ ವ್ಯಾಪಾರಿ ಆಗಿ. ಕೃಷ್ಣದೇವರಾಯ ಆಗುವ ಹಾಗಿಲ್ಲ: ನಿಜವಾಗಿ ಬದುಕಿದ್ದ ಪ್ರಸಿದ್ಧರ ಹೆಸರು ಹೊರುವುದು ನಿಷಿದ್ಧ, ಇನ್ನು ರಾಜಪದವಿಯನ್ನು ಅಲ್ಲಿ ಕಾಳಗದ ಪಂದ್ಯ ಗೆದ್ದೇ ಪಡೆಯಬೇಕು.

ಗಂಟು ಕಟ್ಟುವುದು

ಸಾಧಾರಣ ನೈಲಾನ್ ಟೆಂಟು ನಡೆಯುತ್ತದೆ, ಕ್ಯಾನ್ವಾಸ್ ಡೇರೆಯೇ ಬೇಕೆಂದಿಲ್ಲ. ಆದರೆ ಟೆಂಟಿನ ಜೊತೆ ಬರುವ ತೆಳು ಗೂಟಗಳನ್ನು ನಂಬಬೇಡಿ. ಆ ಸೀಮೆಯಲ್ಲಿ ಬೇಸಿಗೆಯ ಗುಡುಗುಮಳೆ ಗಾಳಿಯನ್ನೂ ಜೊತೆಗೆ ತರುತ್ತದೆ. ಉದ್ದನೆಯ ಕಬ್ಬಿಣದ ಗೂಟ, ಭಾರದ ಸುತ್ತಿಗೆ, ಹೆಚ್ಚಿಗೆ ಹಗ್ಗ, ಟೆಂಟಿನಡಿಗೆ ಹಾಸಲು ತಾಡಪಾಲು ಇರಲಿ. ತಾಡಪಾಲಿನ ಅಂಚು ಟೆಂಟಿನಿಂದ ಹೊರಗೆ ಚಾಚಬಾರದು, ಚಾಚಿದರೆ ಮಳೆನೀರನ್ನು ಅದೇ ಒಳಗೆ ಕರೆದು ತರುತ್ತದೆ.

ಹಗಲು ಮೂವತ್ತು ಡಿಗ್ರಿ ಮುಟ್ಟಿದರೂ ರಾತ್ರಿ ಹದಿನೈದರ ಆಸುಪಾಸಿಗೆ ಇಳಿಯುವುದುಂಟು. ಊರಿನಿಂದ ಬರುವವರ ಕೈಯಲ್ಲಿ ಒಂದು ಕರಿ ಕಂಬಳಿ ತರಿಸಿಕೊಳ್ಳಿ. ಹೊದೆಯಬಹುದು, ಮಳೆಗೆ ಕೊಪ್ಪೆ ಹಾಕಿಕೊಳ್ಳಬಹುದು, ಕಿಡಿ ಬಿದ್ದರೂ ಉಣ್ಣೆ ಭಗ್ಗನೆ ಹತ್ತಿಕೊಳ್ಳುವುದಿಲ್ಲ, ಮೇಲಾಗಿ ಕಾಲಕ್ಕೂ ಒಪ್ಪುತ್ತದೆ. ಪೇಟೆಯ ಸ್ಲೀಪಿಂಗ್ ಬ್ಯಾಗುಗಳ ನಡುವೆ ಇದಕ್ಕೆ ನಾನು ಹೆಚ್ಚು ಅಂಕ ಕೊಡುತ್ತೇನೆ.

ನಿಮ್ಮ ತಟ್ಟೆ, ಲೋಟ ನೀವೇ ಒಯ್ಯಬೇಕು. ಹಿತ್ತಾಳೆಯದೋ ಕಂಚಿನದೋ ಆದರೆ ಚೆಂದ. ಒಂದು ಲೋಟವನ್ನು ಸೊಂಟಕ್ಕೇ ಕಟ್ಟಿಕೊಂಡಿರಿ. ಇನ್ನೊಬ್ಬರ ಬಿಡಾರದಲ್ಲಿ ಕುಡಿಯಲು ಏನಾದರೂ ಕೊಟ್ಟರೆ ನಿಮ್ಮ ಲೋಟಕ್ಕೇ ಸುರಿಯುತ್ತಾರೆ. ಕಾಲಿಗೆ ಅಭ್ಯಾಸವಾದ ಬೂಟೇ ಸರಿ. ದಿನಕ್ಕೆ ಅಷ್ಟು ದೂರ ನಡೆಯುವಾಗ ಚಾರಿತ್ರಿಕ ಚಪ್ಪಲಿಯ ಹಟ ಬೇಡ.

ಉಣ್ಣಿಯ ಬಗ್ಗೆ ಎಚ್ಚರ. ಅಮೆರಿಕದಲ್ಲಿ ಲೈಮ್ ಕಾಯಿಲೆ ಹೆಚ್ಚಾಗಿ ಕಾಣಿಸುವ ರಾಜ್ಯಗಳಲ್ಲಿ ಪೆನ್ಸಿಲ್ವೇನಿಯಾ ಒಂದು. ಹುಲ್ಲಿನಲ್ಲಿ, ಕಾಡಂಚಿನಲ್ಲಿ ಓಡಾಡಿ ಬಂದ ಸಂಜೆ ಮಂಡಿಯ ಹಿಂದೆ, ಕಂಕುಳು, ಕೂದಲಿನ ಬುಡ ನೋಡಿಕೊಳ್ಳಿ, ಮಕ್ಕಳದ್ದಂತೂ ತಪ್ಪದೆ. ಅಂಟಿಕೊಂಡಿದ್ದರೆ ಚಿಮುಟದಲ್ಲಿ ಚರ್ಮದ ಹತ್ತಿರವೇ ಹಿಡಿದು ನೇರ ಎಳೆಯಬೇಕು.

ಊಟ

ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಕಡಲೆಕಾಯಿ ಎಲ್ಲವೂ ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗು ಬಂದಮೇಲೆ ನಮ್ಮ ಅಡುಗೆಮನೆ ಸೇರಿದವು. ಕಾಲಕ್ಕೆ ಒಪ್ಪುವ ಅಡುಗೆ ಮಾಡಬೇಕೆಂಬ ಹುಮ್ಮಸ್ಸಿದ್ದರೆ ಕಾಳುಮೆಣಸು, ಶುಂಠಿ, ಜೀರಿಗೆ, ಇಂಗು, ಹುಣಸೆ ಇಟ್ಟುಕೊಂಡು ಹೊರಡಿ. ಮೆಣಸಿನ ಸಾರು, ಹೆಸರುಬೇಳೆ ಹುಗ್ಗಿ, ಮಜ್ಜಿಗೆಹುಳಿ ಯಾವುದಕ್ಕೂ ಅಡ್ಡಿಯಿಲ್ಲ. ಹದಿನಾರನೆಯ ಶತಮಾನದ ಮೂರನೆಯ ಮಂಗರಸನ 'ಸೂಪಶಾಸ್ತ್ರ' ಕನ್ನಡದಲ್ಲೇ ಇದೆ, ಅದೂ ಪದ್ಯದಲ್ಲಿ. ಅದರಿಂದ ಒಂದು ತಿಂಡಿ ಮಾಡಿ ಬಿಡಾರದವರಿಗೆ ಬಡಿಸಿದರೆ ಆ ರಾತ್ರಿ ಪಾತ್ರೆ ತೊಳೆಯುವುದು ತಪ್ಪಲೂಬಹುದು.

ಹುಮ್ಮಸ್ಸಿಲ್ಲದಿದ್ದರೆ ರಾಗಿ ಹುರಿಹಿಟ್ಟು, ಅವಲಕ್ಕಿ, ಬೆಲ್ಲ ಒಯ್ಯಿರಿ. ಬೆಳಗಿನ ತಿಂಡಿಗೆ ಒಲೆ ಹಚ್ಚುವ ಕೆಲಸ ತಪ್ಪುತ್ತದೆ. ಚಟ್ನಿಪುಡಿಯ ಡಬ್ಬಿಯನ್ನು ಯಾರೂ ತಪಾಸಣೆ ಮಾಡುವುದಿಲ್ಲ. ಸಸ್ಯಾಹಾರಿಗಳು ಬಿಡಾರದ ಅಡುಗೆಯವರಿಗೆ ಮುಂಚೆಯೇ ಹೇಳಿಬಿಡಿ. ಮಾಂಸದ ಸಾರಿನಲ್ಲಿ ಬೇಯಿಸಿದ ತರಕಾರಿಯನ್ನು ಸಸ್ಯಾಹಾರ ಎಂದೇ ಭಾವಿಸುವವರು ಎಲ್ಲ ಕಡೆ ಇರುತ್ತಾರೆ. ತಣ್ಣಗಿಡುವ ಪೆಟ್ಟಿಗೆಗೆ ಐಸ್ ಅಲ್ಲೇ ಅಂಗಡಿಯಲ್ಲಿ ಸಿಗುತ್ತದೆ.

ಬಾಗಿಲು ದಾಟಿದ ಮೇಲೆ

ನೋಂದಣಿ ಕಟ್ಟೆಗೆ ಅಲ್ಲಿಯವರು ಟ್ರೋಲ್ ಎನ್ನುತ್ತಾರೆ. ಗುರುತಿನ ಚೀಟಿ ತೋರಿಸಿ, ಹೊಣೆಪತ್ರಕ್ಕೆ ಸಹಿ ಹಾಕಿದರೆ ಒಂದು ಪದಕ ಕೊಡುತ್ತಾರೆ. ಅದು ವಾರವಿಡೀ ಮೈಮೇಲಿರಬೇಕು. ಮಕ್ಕಳು ತಂದೆತಾಯಿಯಲ್ಲದೆ ಬೇರೆಯವರ ಜೊತೆ ಬರುವುದಾದರೆ ಬೇಕಾದ ಕಾಗದಪತ್ರಗಳನ್ನು ಮೊದಲೇ ವಿಚಾರಿಸಿ. ಸಾಮಾನು ಇಳಿಸಿದ ಕೂಡಲೇ ಕಾರನ್ನು ದೂರದ ಪಾರ್ಕಿಂಗ್ ಜಾಗಕ್ಕೆ ಒಯ್ಯಬೇಕು. ಆದ್ದರಿಂದ ಬೆಳಕಿರುವಾಗಲೇ ತಲುಪಿ. ಕತ್ತಲಲ್ಲಿ ಗೂಟ ಹೊಡೆಯುವುದಕ್ಕಿಂತ ಒಂದು ರಾತ್ರಿ ಮೋಟೆಲ್ ಬಾಡಿಗೆ ಕೊಡುವುದು ವಾಸಿ.

ಪ್ರತಿ ಬಿಡಾರವೂ ಒಂದು ಮನೆ. ಹಗ್ಗದ ಬೇಲಿ ದಾಟಿ ಅಡ್ಡದಾರಿ ಹಿಡಿಯಬೇಡಿ, ಬಾಗಿಲಲ್ಲಿ ನಿಂತು ಕೂಗಿ, ಕರೆದರೆ ಒಳಗೆ ಹೋಗಿ. ಫೋಟೊಗೂ ಮೊದಲು ಕೇಳಿ. ಮಾತಾಡಿಸುವಾಗ ಮೈ ಲಾರ್ಡ್, ಮೈ ಲೇಡಿ ಎಂದರೆ ಯಾರಿಗೂ ತಪ್ಪಾಗದು.

ಬೆಳಗ್ಗೆ ಕಾಳಗ. ಸಾವಿರಕ್ಕೂ ಹೆಚ್ಚು ಜನ ಉಕ್ಕಿನ ಶಿರಸ್ತ್ರಾಣ ತೊಟ್ಟು ಎದುರುಬದುರು ನಿಲ್ಲುತ್ತಾರೆ. ಬಯಲಿನ ಕಾಳಗ, ಸೇತುವೆಯ ಕಾಳಗ, ಕಾಡಿನ ಕಾಳಗ ಎಂದು ದಿನಕ್ಕೊಂದು ಬಗೆ. ಕತ್ತಿ ಬೆತ್ತದ್ದು, ಏಟು ಮಾತ್ರ ನಿಜವಾದದ್ದು. ನನಗೆ ಅತಿ ಸ್ವಾರಸ್ಯ ಎನಿಸುವುದು ಅಲ್ಲಿಯ ತೀರ್ಪಿನ ಕ್ರಮ: ಏಟು ಸರಿಯಾಗಿ ಬಿತ್ತೋ ಇಲ್ಲವೋ ಎಂದು ಹೇಳುವವನು ಏಟು ತಿಂದವನೇ. ಕಾಲಿಗೆ ಬಿದ್ದರೆ ಮಂಡಿಯೂರಿ ಹೋರಾಡುತ್ತಾನೆ, ಮೈಗೆ ಬಿದ್ದರೆ 'ಸತ್ತೆ' ಎಂದು ಒಪ್ಪಿ, ಆಯುಧವನ್ನು ತಲೆಯ ಮೇಲೆತ್ತಿ ಹೊರಗೆ ನಡೆಯುತ್ತಾನೆ. ಹೊಸಬರು ಹಾಗೇ ಕಣಕ್ಕಿಳಿಯುವಂತಿಲ್ಲ. ತರಬೇತಿಯಾಗಿ, ಪರೀಕ್ಷೆಯಾಗಿ ಅಧಿಕೃತ ಒಪ್ಪಿಗೆ ಬೇಕು. ನೋಡುವವರು ಹಗ್ಗದಿಂದ ಈಚೆ ಇರಬೇಕು. 'ಹೋಲ್ಡ್' ಎಂಬ ಕೂಗು ಕೇಳಿದರೆ ಯಾರೇ ಆಗಲಿ, ಇದ್ದಲ್ಲೇ ನಿಲ್ಲಬೇಕು.

ಬರೀ ನಿಂತು ನೋಡುವುದಕ್ಕಿಂತ ನೀರು ಹಂಚುವ ತಂಡಕ್ಕೆ ಸೇರಿ. ಬೆವರಿ ಬಂದ ಯೋಧರಿಗೆ ನೀರು ಕೊಡುವ ಕೆಲಸ. ಕಾಳಗವನ್ನು ಹತ್ತಿರದಿಂದ ನೋಡಲು ಕವಚವಿಲ್ಲದವರಿಗೆ ಅದೊಂದು ಒಳ್ಳೆಯ ದಾರಿ.

ಮಧ್ಯಾಹ್ನಕ್ಕೆ ಪೆನ್ಸಿಕ್ ವಿಶ್ವವಿದ್ಯಾಲಯ. ಡೇರೆಗಳ ಕೆಳಗೆ ತಾಸುಗಟ್ಟಲೆಯ ತರಗತಿಗಳು: ಪಟ್ಟಿ ನೇಯುವುದು, ಅಕ್ಷರ ಬರೆಯುವುದು, ಲಾಂಛನ ರಚಿಸುವುದು, ಹಳೆಯ ಕುಣಿತ. ಕಲಿಸುವವರೂ ಬಿಡಾರ ಹೂಡಿದವರೇ. ವೇಳಾಪಟ್ಟಿ ನೋಡಿ ಎಲ್ಲವೂ ಬೇಕೆನಿಸುತ್ತದೆ, ದಿನಕ್ಕೆ ಎರಡು ಸಾಕು. ರಾತ್ರಿ ಡೋಲು, ಬೆಂಕಿ, ಅಂಗಡಿಬೀದಿ. ಮದ್ಯಕ್ಕೆ 21 ತುಂಬಿರಬೇಕು. ಟಾರ್ಚನ್ನು ನೆಲಕ್ಕೆ ಹಿಡಿಯಿರಿ, ಎದುರು ಬರುವವರ ಮುಖಕ್ಕಲ್ಲ.

ಹೊರಡುವ ದಿನ

ಸಾಮಾನು ಕಟ್ಟುವುದಕ್ಕೆ ಅರ್ಧ ದಿನ ಇಟ್ಟುಕೊಳ್ಳಿ. ನಿಮ್ಮದು ಮುಗಿದ ಮೇಲೆ ಬಿಡಾರದ ಚಪ್ಪರ, ಅಡುಗೆ ಡೇರೆ ಇಳಿಸುವವರೆಗೂ ನಿಲ್ಲಿ. ಮುಂದಿನ ವರ್ಷದ ಜಾಗ ಗಟ್ಟಿಯಾಗುವುದು ಆ ಎರಡು ತಾಸಿನಲ್ಲಿ. ಗೂಟಗಳನ್ನು ಎಣಿಸಿ ಕೀಳಿ, ನೆಲದಲ್ಲಿ ಉಳಿದದ್ದು ಯಾರದೋ ಕಾಲಿಗೆ ಚುಚ್ಚುತ್ತದೆ. ಇಬ್ಬನಿಯಲ್ಲಿ ನೆನೆದ ಟೆಂಟನ್ನು ಹಾಗೆಯೇ ಮಡಚಿ ಕಾರಿಗೆ ತುಂಬುವುದು ಅನಿವಾರ್ಯವಾದರೆ ತುಂಬಿ, ಆದರೆ ಮನೆ ತಲುಪಿದ ದಿನವೇ ಗ್ಯಾರೇಜಿನಲ್ಲೋ ಹಿತ್ತಲಿನಲ್ಲೋ ಬಿಚ್ಚಿ ಒಣಗಿಸಿ. ಎರಡು ದಿನ ಬಿಟ್ಟರೆ ಬೂಷ್ಟು ಹಿಡಿಯುತ್ತದೆ, ಆಮೇಲೆ ಆ ವಾಸನೆ ಹೋಗುವುದು ಕಷ್ಟ.