ತತ್ತಿ ಹಳದಿಗೆ ಬಣ್ಣ ಬಂದಿದ್ದು ಎಣ್ಣಿಯಿಂದ: ನನ್ನ ಅನುಭವ

ಹಾವೇರಿ ಕಡೆ ನಂದು ಅರವತ್ತು-ಎಪ್ಪತ್ತು ಜವಾರಿ ಕೋಳಿ ಅದಾವು. ನಾಯಿ, ಮುಂಗಲಿ ಕಾಟಕ್ಕ ಹೊರಗ ಬಿಡೋದು ನಿಲ್ಲಿಸಿ ಜಾಳಿಗಿ ಶೆಡ್ಡಿನಾಗ ಹಾಕಿದ ಮ್ಯಾಲೆ ತತ್ತಿಯ ಹಳದಿ ಬೆಳ್ಳಗಾಗ್ತಾ ಬಂತು. ಹುಬ್ಬಳ್ಳಿಯ ಒಬ್ಬ ಅಕ್ಕಾರು "ಅಣ್ಣಾರ, ಫಾರಂ ತತ್ತಿ ತಂದು ಜವಾರಿ ಅಂತೀರಲ್ಲ" ಅಂತ ಎರಡು ಟ್ರೇ ವಾಪಸ್ ಕೊಟ್ರು. ಭಾಳ ಬ್ಯಾಸರಾತು.

ಬಿಳಿಜ್ವಾಳದ ನುಚ್ಚು ಹಾಕ್ತಿದ್ದೆ, ಅದರಾಗ ಬಣ್ಣ ಎಲ್ಲೈತಿ. ಮೊದ್ಲು ಸಂತ್ಯಾಗ ಉಳಿದ ಗಜ್ಜರಿ ತಂದು ತಿಂಗಳ ಪೂರ್ತಿ ಹಾಕಿದೆ, ಎಂಟನೂರು ರೂಪಾಯಿ ಹೋತು, ಏನೂ ಆಗಲಿಲ್ಲ. ಗಜ್ಜರಿಗೆ ಬಣ್ಣ ಕೊಡೋ ಬೀಟಾ ಕೆರೋಟಿನ್ನ ಕೋಳಿ ಬಹಳಷ್ಟು ವಿಟಮಿನ್ ಎ ಮಾಡ್ಕೊಂಡುಬಿಡತೈತಿ, ಹಳದಿಗೆ ಬಣ್ಣ ಕೊಡೋದು ತಪ್ಪಲದಾಗಿನ ಲುಟೀನ್ ಅನ್ನೋ ಹಳದಿ ಬಣ್ಣದ ಅಂಶ. ಅದಕ್ಕ ನುಗ್ಗಿ ತಪ್ಪಲ, ಕುದರಿ ಮಸಾಲಿ (ಲೂಸರ್ನ್ ಮೇವು), ಚೆಂಡು ಹೂವಿನ ಎಸಳು ಶುರು ಮಾಡಿದೆ (ಪ್ಯಾಟಿ ಹೂವು ಬ್ಯಾಡ, ಔಷಧಿ ಹೊಡದಿರ್ತಾರ). ಹಳದಿಯ ಬಣ್ಣ ಹೋಲಿಸಿ ನೋಡೋ 15 ನಂಬರಿನ ಕಾರ್ಡಿನಾಗ (ನಂಬರ್ ಏರಿದಂಗ ಬಣ್ಣ ದಟ್ಟ) 5 ಇದ್ದದ್ದು 7ಕ್ಕ ಬಂದು ನಿಂತ್ಕೊಂಡ್ತು. ಎಸಳು ಎರಡು ಪಟ್ಟು ಹಾಕಿದ್ರೂ ಮುಂದ ಹೋಗವಲ್ದು.

ಒಮ್ಮೆ ನುಚ್ಚಿನ ಜೋಡಿ ಹಾಕೋ ಫ್ಯಾಕ್ಟರಿ ಹಿಂಡಿ ಸಿಗಲಿಲ್ಲ ಅಂತ ಗಾಣದ ಶೇಂಗಾ ಹಿಂಡಿ ತಂದೆ. ಹತ್ತು-ಹನ್ನೆರಡು ದಿವಸಕ್ಕ ಹಳದಿ 9! ತಪ್ಪಲ ಅದ, ಹೂವು ಅದ. ಫ್ಯಾಕ್ಟರಿ ಹಿಂಡ್ಯಾಗ ಎಣ್ಣಿ ಹೆಚ್ಚುಕಡಿಮಿ ಪೂರಾ ತಗದಿರ್ತಾರ, ಗಾಣದ್ದರಾಗ ಉಳದಿರತೈತಿ. ಲುಟೀನ್ ಕರಗೋದು ಕೊಬ್ಬಿನಾಗ, ನೀರಾಗಲ್ಲ, ಎಣ್ಣಿ ಸಾಲದಿದ್ರ ಬಹಳಷ್ಟು ಹಿಕ್ಕಿಯೊಳಗ ಹೊರಗ ಹೋಗತೈತಿ.

ಖಾತ್ರಿ ಮಾಡ್ಕೋಳಾಕ ಹದಿನೈದು-ಹದಿನೈದು ಕೋಳಿ ಬ್ಯಾರೆ ಕಟ್ಟಿದೆ. ಎರಡೂ ಕಡೆ ಫ್ಯಾಕ್ಟರಿ ಹಿಂಡಿನ, ಒಂದು ಕಡೆ ಅಷ್ಟ ಕುಸುಬಿ ಎಣ್ಣಿ. "ಕೋಳಿಗೆ ಎಣ್ಣಿ ಕುಡಸ್ತಾನ, ತತ್ತಿ ನಿಂತಾವು ನೋಡು" ಅಂತ ನಮ್ಮ ಕಾಕಾ ಊರೆಲ್ಲ ಹೇಳಿದ. ಎಣ್ಣಿ ಕಡೆ 10, ಇನ್ನೊಂದು ಕಡೆ 7. ಕಾಕಾನ ಕೈಯಾಗ ತತ್ತಿ ಒಡಸಿ ತೋರಿಸಿದೆ.

ಆದ್ರ ಆ ಹುರುಪಿನಾಗ ಎಣ್ಣಿ ಜಾಸ್ತಿ ಹಾಕಿ ವಾರದ್ದು ಒಮ್ಮೆಗೇ ಕಲಸಿ ಇಟ್ಟೆ, ಮೇ ತಿಂಗಳ ಬಿಸಲಿಗೆ ಕಮಟು ಹತ್ತಿತು, ಕೋಳಿಗೆ ಭೇದಿ ಆತು, ಇಪ್ಪತ್ತು ಕಿಲೋ ತಿಪ್ಪಿಗೆ. ಈಗ ಒಂದು ಕಿಲೋ ಕೋಳಿ ಆಹಾರಕ್ಕ ಎರಡು-ಮೂರು ಚಮಚ ಎಣ್ಣಿ, ಅವತ್ತಿಂದು ಅವತ್ತ. ಎಸಳು ನೆರಳಾಗ ಒಣಗಸ್ರಿ, ಬಿಸಲಾಗ ಬಣ್ಣ ಹೋಗತೈತಿ.

ಬ್ಯಾಡಗಿ ಮೆಣಸಿನಕಾಯಿ ಸಿಪ್ಪಿ ಪುಡಿನೂ ನೋಡೇನಿ. ಕೋಳಿಗೆ ಖಾರ ಹತ್ತಂಗಿಲ್ಲ, ಆದ್ರ ಹಳದಿ ಕೆಂಪಗಾಗಿ ಗಿರಾಕಿ ಅಂಜಿದ್ರು, ಬಿಟ್ಟೆ.

ಧಾರವಾಡದ ಗಿರಾಕಿ ಮಾಸ್ತರ ಒಬ್ರು ಹೇಳಿದ್ರು, 2015ರಾಗ ಅಮೆರಿಕದ ಪರ್ಡ್ಯೂ ಯುನಿವರ್ಸಿಟಿಯವರು ಮನಷ್ಯಾರಿಗೆ ಹಸಿ ಕಾಯಿಪಲ್ಲೆ ಜೋಡಿ ಬೇಯಿಸಿದ ತತ್ತಿ ಕೊಟ್ಟು ನೋಡ್ಯಾರಂತ, ಮೂರು ತತ್ತಿ ತಿಂದವರಿಗೆ ಕೆರೋಟಿನ್ ಜಾತಿಯವು ಮೂರರಿಂದ ಒಂಬತ್ತು ಪಟ್ಟು ಹೆಚ್ಚು ಮೈಗೆ ಹತ್ಯಾವು. ಹಳದ್ಯಾಗಿನ ಕೊಬ್ಬಿನ ಕೆಲಸ ಅದು. ಎಣ್ಣಿ ಬ್ಯಾಡ ಅಂತ ಒಣಾ ಪಚಡಿ ತಿಂತಿದ್ದ ನನ್ನ ತಮ್ಮ ಈಗ ಮ್ಯಾಲೊಂದು ಚಮಚ ಶೇಂಗಾ ಎಣ್ಣಿ ಒಗ್ಗರಣಿ ಹಾಕಸ್ಕೋತಾನ. ಒಂದು ಮಾತು, ಬಣ್ಣ ನೋಡಿ ವಿಟಮಿನ್ ಎ ಎಷ್ಟೈತಿ ಅಂತ ಹೇಳಾಕ ಬರಂಗಿಲ್ಲ, ಗಿರಾಕಿಗೆ ಹಂಗ ಹೇಳಿ ಮಾರಬ್ಯಾಡ್ರಿ.

ಗಾಣದ ಹಿಂಡಿಗೆ ಕಿಲೋಕ್ಕ ಹತ್ತು-ಹನ್ನೆರಡು ರೂಪಾಯಿ ಜಾಸ್ತಿ ಬೀಳತೈತಿ, ಆದ್ರ ತತ್ತಿ 14ಕ್ಕ ಹೋಗ್ತಿದ್ದದ್ದು ಈಗ 16. ಆ ಹುಬ್ಬಳ್ಳಿ ಅಕ್ಕಾರು ವಾರಕ್ಕ ಮೂರು ಟ್ರೇ ಒಯ್ಯಾಕ ಹತ್ಯಾರ.